ಸೇಂದಿಯ ಋತು

ಬೆಂಗಳೂರಿನ ಪತ್ರಿಕೆಗಳ ವಿರಾಮದ ಪುಟಗಳಲ್ಲಿ ಈಚೆಗೆ ಹೊಸ ಬಗೆಯ ಪ್ರವಾಸಕಥನವೊಂದು ಕಾಣಿಸಿಕೊಳ್ಳುತ್ತಿದೆ. ಹಿಂದಿನವರು ಕ್ಷೇತ್ರಗಳನ್ನು ಸುತ್ತಿ ಬಂದು ಯಾತ್ರಾವರ್ಣನೆ ಬರೆಯುತ್ತಿದ್ದರು. ಇಂದಿನ ತರುಣರು ಊರೂರಿನ ಬೀರಿನ ಮನೆಗಳನ್ನು ಸುತ್ತಿ ಬಂದು, ಯಾವ ತಿಂಗಳಲ್ಲಿ ಎಲ್ಲಿ ಯಾವ ರುಚಿ ದೊರೆಯುತ್ತದೆಂಬುದನ್ನು ಬರೆಯುತ್ತಾರೆ. 'ತೀರ್ಥ'ವೆಂಬ ಶಬ್ದಕ್ಕೆ ನಮ್ಮ ಆಡುಮಾತಿನಲ್ಲಿ ಇರುವ ಎರಡನೆಯ ಅರ್ಥವನ್ನು ನೆನೆದರೆ ಈ ಎರಡು ಯಾತ್ರೆಗಳ ನಡುವಣ ಅಂತರ ಬಹಳವಲ್ಲವೆಂದು ನನ್ನ ಸಹೋದ್ಯೋಗಿಯೊಬ್ಬರು ನಗೆಯಾಡಿದರು. ಅವರು ಸಂಸ್ಕೃತದ ಅಧ್ಯಾಪಕರು. ಅವರಿಗೆ ಆ ಹಕ್ಕು ಉಂಟು.

ಇದು ಆರಂಭವಾದುದು 2010ರ ಸುಮಾರಿನಿಂದ. ಉಪಾಹಾರಗೃಹದ ಆವರಣದಲ್ಲಿಯೇ ಬೀರನ್ನು ತಯಾರಿಸಿ ಅಲ್ಲಿಯೇ ಬಡಿಸುವುದಕ್ಕೆ ರಾಜ್ಯದಲ್ಲಿ ಅವಕಾಶ ದೊರೆತ ಮೇಲೆ, ರಾಜಧಾನಿಯಲ್ಲಿ ಇಂತಹ ಕಿರುಗಾರಖಾನೆಗಳು ಹತ್ತಾರು ಎದ್ದವು. ಮಾವಿನ ಕಾಲಕ್ಕೆ ಮಾವಿನ ಬೀರು, ಒಂದೆಡೆ ರಾಗಿಯದು, ಇನ್ನೊಂದೆಡೆ ಕೊಡಗಿನ ಕಾಫಿಯ ವಾಸನೆಯದು. ಋತುವಿಗೆ ತಕ್ಕ ಪಾನೀಯ, ಸ್ಥಳಕ್ಕೆ ತಕ್ಕ ರುಚಿ, ಕೈಯಿಂದ ಮಾಡಿದ್ದು, ಕಡಿಮೆ ಪ್ರಮಾಣದಲ್ಲಿ ಮಾಡಿದ್ದು ಎಂಬಿವು ಅದರ ಹೆಗ್ಗಳಿಕೆಗಳು. ಯುರೋಪಿನಲ್ಲಿ ಇದಕ್ಕೆ ದೀರ್ಘವಾದ ಪರಂಪರೆಯಿದೆ. ಬವೇರಿಯಾದ ಅರಸರು 1516ರಲ್ಲಿ ಬೀರಿಗೆ ಬಾರ್ಲಿ, ಹಾಪ್ ಹೂ ಮತ್ತು ನೀರನ್ನು ಬಿಟ್ಟು ಬೇರೇನನ್ನೂ ಹಾಕಕೂಡದೆಂದು ಶಾಸನ ಮಾಡಿದರು. 1553ರಲ್ಲಿ, ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬೀರು ತಯಾರಿಸಲೇಬಾರದೆಂದು ಕಟ್ಟುಮಾಡಿದರು. ಬೇಸಗೆಯ ಸೆಕೆಯಲ್ಲಿ ಅದು ಕೆಡುತ್ತಿತ್ತು. ಆದ್ದರಿಂದ ಮಾರ್ಚ್ ತಿಂಗಳಲ್ಲಿ ತುಸು ಗಟ್ಟಿಯಾಗಿ ಮಾಡಿ, ನೆಲಮಾಳಿಗೆಯ ತಂಪಿನಲ್ಲಿ ಇಟ್ಟು, ಶರತ್ಕಾಲದಲ್ಲಿ ತೆಗೆದು ಕುಡಿಯುವ ಬೀರು ಹುಟ್ಟಿತು. ಜರ್ಮನರು ಅದನ್ನು ಇಂದಿಗೂ ಮಾರ್ಚಿನ ಹೆಸರಿನಿಂದಲೇ ಕರೆಯುತ್ತಾರೆ.

ಇವನ್ನೆಲ್ಲ ನಮ್ಮ ತರುಣರು ಬಲ್ಲರು. ಅವರು ಅರಿಯದ, ಅರಿತರೂ ಹೇಳಲು ಸಂಕೋಚಪಡುವ ಸಂಗತಿಯೊಂದಿದೆ. ಋತುವನ್ನು ಅನುಸರಿಸುವ, ಸ್ಥಳವನ್ನು ಬಿಟ್ಟು ಕದಲದ, ಕೈಕಸುಬನ್ನೇ ನಂಬಿದ ಪಾನೀಯ ನಮ್ಮ ಹೊಲದ ಬದುಗಳ ಮೇಲೆಯೇ ಇತ್ತು. ಅದನ್ನು ಸೇಂದಿಯೆಂದು ಕರೆಯುತ್ತೇವೆ.

ನಾನು ಯಾದಗಿರಿ ಸೀಮೆಯ ಮುದನಾಳದವನು. (ದೇವರ ದಾಸಿಮಯ್ಯನ ಮುದನೂರು ಬೇರೆ, ಅದು ಸುರಪುರದ ಕಡೆಯದು. ಹೊರಗಿನ ವಿದ್ವಾಂಸರು ಇವೆರಡನ್ನೂ ಒಂದು ಮಾಡಿ ನನ್ನನ್ನು ಅಭಿನಂದಿಸಿದ ಪ್ರಸಂಗಗಳು ಇಲ್ಲದಿಲ್ಲ.) ನಮ್ಮ ಕಡೆ ಹಳ್ಳದ ದಂಡೆಗಳಲ್ಲಿ, ಕೆರೆಯ ಕೆಳಗಣ ಜೌಗಿನಲ್ಲಿ ಈಚಲು ಬೆಳೆಯುತ್ತದೆ, ಒಣನೆಲದ ಬದುವಿನಲ್ಲಿ ತಾಳೆ ನಿಲ್ಲುತ್ತದೆ. ಚಳಿಗಾಲ ಈಚಲಿನದು, ಬೇಸಗೆ ತಾಳೆಯದು. ನೋಡಿರಿ, ಪಂಚಾಂಗವೇ ಬೇಕಿಲ್ಲ. ಸರಕಾರಿ ದಾಖಲೆಗಳಲ್ಲಿ 'ಸೇಂದಿವನ'ವೆಂದು ಬರೆದಿಟ್ಟ ಜಮೀನುಗಳು ಈಗಲೂ ಉಂಟು. ಆ ಜಮೀನುಗಳಿಗೆ ಹೋಗಿ ನೋಡಿದರೆ ಹಲವೆಡೆ ಸೇಂದಿಯೂ ಇಲ್ಲ, ವನವೂ ಇಲ್ಲ.

ಮಾಘಮಾಸದಲ್ಲೊಮ್ಮೆ, ವೈಶಾಖದಲ್ಲೊಮ್ಮೆ, ಗುರುಮಠಕಲ್ಲನ್ನು ದಾಟಿ ನಾರಾಯಣಪೇಟೆಯ ಕಡೆಗೆ ಹೋಗಿ ಬಂದೆ. ಗಡಿಯ ಆಚೆ ತೆಲಂಗಾಣ. ಅಲ್ಲಿ ಸೇಂದಿ ಇಳಿಸುವುದು ಕಾನೂನುಬದ್ಧವಾದ ಕಸುಬು. ಮರವನ್ನು ಹತ್ತುವವನಿಗೇ ಮರಗಳ ಮೇಲೆ ಪರವಾನಿಗೆ ಕೊಡುವ ವ್ಯವಸ್ಥೆಯೂ ಉಂಟು. ಈಚೆ ನಮ್ಮಲ್ಲಿ ಅದೇ ಕೆಲಸ ಅಪರಾಧ. ಮರಗಳಿಗೆ ಗಡಿಯ ತಿಳಿವಳಿಕೆ ಇಲ್ಲ. ಅವು ಎರಡೂ ಕಡೆ ಒಂದೇ ರೀತಿ ನಿಂತಿವೆ. ಭಾಷೆಯೂ ಹಾಗೆಯೇ. ನಾನು ಮಾತನಾಡಿಸಿದ ಮುದುಕನೊಬ್ಬನು ಮೊದಲ ವಾಕ್ಯವನ್ನು ತೆಲುಗಿನಲ್ಲಿ ಆರಂಭಿಸಿ ಕನ್ನಡದಲ್ಲಿ ಮುಗಿಸಿದನು.

ಅವನು ತೋರಿಸಿದ ಈಚಲು ಮರದ ಕಾಂಡವು ಮೇಲಕ್ಕೆ ಹೋಗುತ್ತ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸೊಟ್ಟಾಗಿ ಹಾವಿನಂತೆ ಕಾಣುತ್ತಿತ್ತು. ಸುಳಿಯ ಕೆಳಗೆ ಗರಿಗಳನ್ನು ಸವರಿ, ಕಾಂಡದ ಮೆದುವಾದ ಭಾಗವನ್ನು ಕೆತ್ತಿದಾಗ ರಸ ಒಸರುತ್ತದೆ. ಒಂದು ವರ್ಷ ಒಂದು ಮಗ್ಗುಲಿನಲ್ಲಿ ಕೆತ್ತಿದರೆ ಮರುವರ್ಷ ಎದುರು ಮಗ್ಗುಲಿನಲ್ಲಿ ಕೆತ್ತಬೇಕು. ಹಾಗೆ ಮಾಡದಿದ್ದರೆ ಮರ ಸಾಯುತ್ತದೆ. ಆ ಗಾಯಗಳನ್ನು ಎಣಿಸಿದರೆ ಮರ ಎಷ್ಟು ಚಳಿಗಾಲಗಳ ಕಾಲ ಮನುಷ್ಯರಿಗೆ ರಸವನ್ನು ಕೊಟ್ಟಿದೆಯೆಂಬುದು ತಿಳಿಯುತ್ತದೆ. ಕೆಲವು ದಿನ ಕೆತ್ತಿದ ಮೇಲೆ ಗಾಯ ಒಣಗಲು ಬಿಡಬೇಕು. ವಂಗದೇಶದಲ್ಲಿಯೂ ಇದೇ ಕ್ರಮ. ಹಾಗೆ ವಿಶ್ರಾಂತಿ ಪಡೆದ ಮರದ ರಸವೇ ಶ್ರೇಷ್ಠವೆಂದು ಅವರು ಅದನ್ನು ಕಾಸಿ ಚಳಿಗಾಲದ ಬೆಲ್ಲವನ್ನು ಮಾಡುತ್ತಾರೆ. ತಾಳೆಯ ಕೆಲಸ ಬೇರೆ: ಅಲ್ಲಿ ಕಾಂಡವನ್ನು ಮುಟ್ಟುವಂತಿಲ್ಲ. ಹೊಂಬಾಳೆಯನ್ನು ಬಿಗಿದು ಕಟ್ಟಿ, ತುದಿಯನ್ನು ದಿನವೂ ತೆಳ್ಳಗೆ ಸವರುತ್ತ, ಗಡಿಗೆಯನ್ನು ತಗುಲಿಸಬೇಕು. ಸೊಂಟಕ್ಕೂ ಮರಕ್ಕೂ ಸುತ್ತಿದ ಒಂದು ಹಗ್ಗ, ಒಂದು ಬಾಗಿದ ಕತ್ತಿ, ಗಡಿಗೆ. ಇಷ್ಟೇ ಕಾರಖಾನೆ.

ಬೀರು ಮಾಡುವುದಕ್ಕೆ ಕಾಳನ್ನು ಮೊಳಕೆ ಬರಿಸಬೇಕು, ಒಣಗಿಸಬೇಕು, ಬಿಸಿನೀರಿನಲ್ಲಿ ಕಲಸಿ ಪಿಷ್ಟವನ್ನು ಸಕ್ಕರೆಯಾಗಿಸಬೇಕು, ಕುದಿಸಬೇಕು, ಆರಿಸಬೇಕು, ಆಮೇಲೆ ಹುಳಿಯೆಬ್ಬಿಸಬೇಕು. ಈಚಲಿನ ರಸದಲ್ಲಿ ಸಕ್ಕರೆ ಸಿದ್ಧವಾಗಿಯೇ ಇರುತ್ತದೆ. ಹುಳಿಯೆಬ್ಬಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿಯೂ ಗಡಿಗೆಯ ಮೈಯಲ್ಲಿಯೂ ಇರುತ್ತವೆ. ಗಡಿಗೆಯ ಒಳಮೈಗೆ ಸುಣ್ಣ ಬಳಿದರೆ ಹುಳಿಯೇಳುವುದಿಲ್ಲ, ಅದು ನೀರಾ. ಬಳಿಯದಿದ್ದರೆ ಕೆಲವೇ ಗಂಟೆಗಳಲ್ಲಿ ಬೀರಿನಷ್ಟೇ ಅಮಲು ಏರುತ್ತದೆ, ಮರುದಿನಕ್ಕೆ ಹುಳಿನೀರು. ಮುದುಕನು ಇದನ್ನು ನನಗಿಂತ ಚೆನ್ನಾಗಿ ಹೇಳಿದನು: "ಮಾಸ್ತರ್ರೇ, ಮುಂಜಾನಿ ಇದು ಕೂಸು, ಮಧ್ಯಾಹ್ನ ಪ್ರಾಯದ ಹುಡುಗ, ಸಂಜೀಕ ಮುದುಕ ಆಗ್ತದ್ರಿ. ನೀವು ಯಾವಾಗ ಬಂದ್ರೋ ಅದರ ಮ್ಯಾಲ." ನಾನು ಬೆಳಗಿನ ಏಳು ಗಂಟೆಗೆ ಹೋಗಿದ್ದೆ. ತಾಳೆಯ ಎಲೆಯ ದೊನ್ನೆಯಲ್ಲಿ ಅರ್ಧ ಕುಡಿದೆ. ಸಿಹಿಯಾಗಿ, ತುಸು ನೊರೆಯಾಗಿ, ಹಸಿ ಗರಿಯ ವಾಸನೆಯಿಂದ ಕೂಡಿತ್ತು. ಇದನ್ನು ಸೀಸೆಯಲ್ಲಿ ತುಂಬಿ ಬೆಂಗಳೂರಿಗೆ ಕಳಿಸಲಾಗದು. ಬೇಕಾದವರು ಮರದ ಬುಡಕ್ಕೇ ಬರಬೇಕು.

ನಮ್ಮ ಭಾಷೆ ಈ ಕಸುಬಿನೊಡನೆ ಎಷ್ಟು ಹಳೆಯ ನಂಟನ್ನು ಇಟ್ಟುಕೊಂಡಿದೆಯೆಂಬುದನ್ನು ತರಗತಿಯಲ್ಲಿ ಹೇಳುವ ಸಂದರ್ಭ ನನಗೆ ಆಗಾಗ ಬರುತ್ತದೆ. 'ಕಳ್' ಎಂಬುದು ದ್ರಾವಿಡ ಭಾಷೆಗಳಿಗೆಲ್ಲ ಪಿತ್ರಾರ್ಜಿತವಾದ ಶಬ್ದ. ಕಳ್ಳನ್ನು 'ಇಳಿಸು'ತ್ತೇವೆ, ಸಾರಾಯಿಯನ್ನು 'ಬಟ್ಟಿಯಿಳಿಸು'ತ್ತೇವೆ, ಬೀರಿಗೆ ಮಾತ್ರ ನಮ್ಮಲ್ಲಿ ತನ್ನದೇ ಆದ ಕ್ರಿಯಾಪದವಿಲ್ಲ, ಬರಿದೆ 'ತಯಾರಿಸು'ತ್ತೇವೆ. ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಅರಸನ ಕ್ರೀಡೆಗಳ ನಡುವೆ ಮದಿರಾಪಾನಕ್ಕೂ ಸ್ಥಾನ ಕೊಟ್ಟನು. ಅದೇ ಕಲ್ಯಾಣದಲ್ಲಿ ಅದೇ ಶತಮಾನದಲ್ಲಿ ಹೆಂಡದ ಮಾರಯ್ಯನೆಂಬ ಶರಣನು 'ಧರ್ಮೇಶ್ವರಲಿಂಗ'ವೆಂಬ ಅಂಕಿತದಲ್ಲಿ ವಚನಗಳನ್ನು ಬರೆದನು. ತನ್ನ ಕಾಯಕದ ಮಡಕೆಯನ್ನೂ ಅಮಲನ್ನೂ ಅನುಭಾವದ ಮಾತಿಗೆ ಒಗ್ಗಿಸಿದನು. ಅರಸನ ಮದಿರೆಗೂ ಮಾರಯ್ಯನ ಹೆಂಡಕ್ಕೂ ಇದ್ದ ಅಂತರ ಇಂದಿನ ರಾಜಧಾನಿಯ ಬೀರಿಗೂ ನಮ್ಮ ಸೇಂದಿಗೂ ಇದೆಯೆಂದರೆ ಅತಿಶಯೋಕ್ತಿಯಾಗಲಾರದು. ಇನ್ನು ಜಿ. ಪಿ. ರಾಜರತ್ನಂ ಅವರು ಹೆಂಡ ಮುಟ್ಟದೆಯೇ ಹೆಂಡಗುಡುಕ ರತ್ನನನ್ನು ಸೃಷ್ಟಿಸಿದುದು ಎಲ್ಲರೂ ಬಲ್ಲ ಸಂಗತಿ.

ಇದರ ಇನ್ನೊಂದು ಮುಖವನ್ನು ಮರೆತರೆ ಅನ್ಯಾಯವಾದೀತು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ನಮ್ಮ ಹಿರಿಯರು ಈಚಲು ಮರಗಳನ್ನು ಕಡಿದರು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ನಡೆದ ಈಚಲು ಮರದ ಸತ್ಯಾಗ್ರಹ ಪ್ರಸಿದ್ಧವಾದುದು, ಎಸ್. ನಿಜಲಿಂಗಪ್ಪನವರು ಸೆರೆಮನೆಗೆ ಹೋದುದು ಅದರಿಂದಲೇ. ನಿಜಾಮನ ಸೀಮೆಯಾಗಿದ್ದ ನಮ್ಮ ಭಾಗದಲ್ಲಿಯೂ 1947-48ರ ಹೋರಾಟದ ದಿನಗಳಲ್ಲಿ ಸೇಂದಿಯ ಮರಗಳಿಗೆ ಕೊಡಲಿ ಬಿದ್ದಿತು. ಅಬಕಾರಿಯ ಆದಾಯ ಆ ಸರಕಾರದ ಬೊಕ್ಕಸದ ದೊಡ್ಡ ಆಧಾರವಾಗಿತ್ತು. ಮರ ಕಡಿದವರು ಕುಡುಕನ ಮನೆಯ ದುಃಖವನ್ನು ಕಣ್ಣಾರೆ ಕಂಡವರು. ಅವರ ಬಗೆಗೆ ನನಗೆ ಗೌರವವಿದೆ. ಆದರೆ ಬೊಕ್ಕಸದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಇಂದು ನಮ್ಮ ರಾಜ್ಯಕ್ಕೆ ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮೀರಿ ಬರುತ್ತಿದೆ.

ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಕಡೆ ಸೇಂದಿಯ ಮಾರಾಟ ನಿಂತಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯೂ ನಿಂತಿತು. ಕರಾವಳಿಯಲ್ಲಿ ಮಾತ್ರ ಮೂರ್ತೆದಾರರು ತೆಂಗಿನ ಕಳ್ಳನ್ನು ಇಳಿಸುತ್ತ ಬಂದರು. ಕುಡಿಯುವುದು ನಿಂತಿತೆ? ಇಲ್ಲ. ಹಳ್ಳಿಯ ಗೂಡಂಗಡಿಯವರೆಗೆ ಕಾಗದದ ಪೊಟ್ಟಣದ ಮದ್ಯ ಬಂದಿತು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಣ್ಣುಮಕ್ಕಳು ಮದ್ಯನಿಷೇಧವನ್ನು ಬೇಡಿ ಕಾಲ್ನಡಿಗೆಯಲ್ಲಿ ಹೋದರಲ್ಲವೆ? ಅವರಲ್ಲಿ ಬಹಳ ಮಂದಿ ನಮ್ಮ ನೆರೆಯ ರಾಯಚೂರಿನವರು. ಅವರು ನಡೆದುದು ಈಚಲು ಮರದ ವಿರುದ್ಧವಲ್ಲ. ಪರವಾನಿಗೆ ಪಡೆದ, ಮುದ್ರೆ ಒತ್ತಿದ, ಬೊಕ್ಕಸಕ್ಕೆ ತೆರಿಗೆ ಕಟ್ಟಿದ ಮದ್ಯದ ವಿರುದ್ಧ. ನನ್ನ ತರಗತಿಯಲ್ಲಿ ಕುಳಿತ ಎಷ್ಟೋ ಮಕ್ಕಳ ಮನೆಯ ಕಥೆಯೂ ಅದೇ. ಆದುದರಿಂದ, ಕುಡಿಯುವುದನ್ನು ರಮ್ಯವಾಗಿ ಬಣ್ಣಿಸುವ ಪ್ರವಾಸಕಥನ ನನ್ನ ಕೈಯಿಂದ ಬರುವಂತಿಲ್ಲ.

ಅತ್ತ ಸೇಂದಿಯೂ ಕೆಟ್ಟಿದೆ; ಇದನ್ನು ಮುಚ್ಚಿಡಬಾರದು. ಮರಗಳು ಕಡಿಮೆಯಾದಂತೆ, ಬೇಡಿಕೆ ಮಾತ್ರ ಇಳಿಯದಿರಲು, ನೀರಿಗೆ ಕ್ಲೋರಲ್ ಹೈಡ್ರೇಟಿನ ಪುಡಿ, ನಿದ್ರೆಯ ಗುಳಿಗೆಯ ಮದ್ದು ಬೆರಸಿ ಸೇಂದಿಯೆಂದು ಮಾರುವ ಪಾಪಕಾರ್ಯ ರಾಯಚೂರು, ಯಾದಗಿರಿಯ ಗಡಿಯುದ್ದಕ್ಕೂ ಬೆಳೆಯಿತು. ನಮ್ಮ ಜನ ಅದನ್ನು 'ಸಿಎಚ್ ಪೌಡರ್' ಎಂದೇ ಕರೆಯುತ್ತಾರೆ. ಅದಕ್ಕೆ ಒಗ್ಗಿದವನು ಒಂದು ದಿನ ಕುಡಿಯದಿದ್ದರೆ ಕೈ ನಡುಗಿ, ಮತಿ ಕದಡಿ, ಆಸ್ಪತ್ರೆ ಸೇರುತ್ತಾನೆ. ಸೇಂದಿ ಕಾನೂನುಬದ್ಧವಾಗಿರುವಲ್ಲಿಯೂ ಈ ಪಾಪ ತಪ್ಪಿಲ್ಲ: 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆಯ ಸೇಂದಿ ಕುಡಿದು ಹಲವರು ಸತ್ತರು. ಪರವಾನಿಗೆಯೊಂದೇ ಸಾಲದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಹತ್ತು ಮರಗಳಿರುವ ಅಂಗಡಿಯಿಂದ ನೂರು ಮರಗಳ ಸೇಂದಿ ಹೊರಬಂದರೆ ಮರಗಳನ್ನು ಎಣಿಸಿ ಕೇಳುವ ಅಧಿಕಾರಿ ಇರಬೇಕು. ಲೆಕ್ಕ ಕಷ್ಟದ್ದಲ್ಲ, ಮರ ಎಲ್ಲಿಗೂ ಓಡಿಹೋಗುವುದಿಲ್ಲ.

ನನ್ನ ಆಕ್ಷೇಪ ನ್ಯಾಯದ ಪ್ರಶ್ನೆಯನ್ನು ಕುರಿತದ್ದು. ರಾಜಧಾನಿಯಲ್ಲಿ ಗಾಜಿನ ಗೋಡೆಯ ಹಿಂದೆ ತಾಮ್ರದ ಹಂಡೆಯಲ್ಲಿ ನೊರೆಯೇಳುವುದು ಕಲೆ. ಮುದನಾಳದ ಹಳ್ಳದಲ್ಲಿ ಮಣ್ಣಿನ ಗಡಿಗೆಯಲ್ಲಿ ನೊರೆಯೇಳುವುದು ಅಪರಾಧ. ಎರಡರಲ್ಲಿಯೂ ಅಮಲು ಹೆಚ್ಚುಕಡಿಮೆ ಒಂದೇ. ನಿಷೇಧವೆನ್ನುವುದಾದರೆ ಎರಡಕ್ಕೂ ಇರಲಿ. ಸಂವಿಧಾನದ 47ನೆಯ ಅನುಚ್ಛೇದ ಅದನ್ನು ನಿರ್ದೇಶಕ ತತ್ತ್ವವಾಗಿ ಹೇಳಿಯೇ ಇದೆ. ಕಸುಬೆನ್ನುವುದಾದರೆ ಎರಡನ್ನೂ ಕಸುಬೆಂದು ಕಾಣಲಿ. ಈಡಿಗನ ಮಗ ಇಂದು ಬೆಂಗಳೂರಿನಲ್ಲಿ ಕಟ್ಟಡದ ಮೇಲೆ ಹಗ್ಗ ಕಟ್ಟಿಕೊಂಡು ಸುಣ್ಣ ಬಳಿಯುತ್ತಾನೆ. ಎತ್ತರದಲ್ಲಿ ನಿಲ್ಲುವ ಎದೆಗಾರಿಕೆ ತಂದೆಯಿಂದ ಬಂದುದು, ಕೂಲಿ ಗುತ್ತಿಗೆದಾರನಿಂದ ಬರುವುದು.

ಅಮಲು ಬೇಡವೆನ್ನುವವರಿಗೆ ನೀರಾದ ದಾರಿಯಿದೆ. ತೆಂಗಿನ ನೀರಾಕ್ಕೆ ರಾಜ್ಯ ಈಗಾಗಲೇ ಅವಕಾಶ ಮಾಡಿಕೊಟ್ಟಿದೆ. ಆ ಅವಕಾಶ ತೆಂಗು ಬೆಳೆಯುವ ಸೀಮೆಗಳಿಗೆ ಒದಗಿತೇ ಹೊರತು ಈಚಲು, ತಾಳೆಗಳನ್ನೇ ನೆಚ್ಚಿದ ನಮ್ಮ ಬಯಲಿಗೆ ಒದಗಲಿಲ್ಲ. ಸುಣ್ಣ ಬಳಿದ ಗಡಿಗೆ, ಸೂರ್ಯ ಏರುವ ಮುನ್ನ ಇಳಿಸುವ ಶ್ರದ್ಧೆ, ತಂಪಿನಲ್ಲಿಡುವ ಒಂದು ಕೇಂದ್ರ, ಮಿಕ್ಕ ರಸಕ್ಕೆ ಬೆಲ್ಲದ ಒಲೆ. ವಂಗದ ರೈತ ಇದರಿಂದ ಚಳಿಗಾಲದ ಸಂಸಾರವನ್ನು ಸಾಗಿಸುತ್ತಾನೆ. ಯಾದಗಿರಿಯ ಈಡಿಗನಿಗೆ ಇದು ಅಸಾಧ್ಯವೇಕೆ? ಈಚಲಿನ ಗರಿಯಿಂದ ಕಸಬರಿಗೆ, ಬುಟ್ಟಿ, ಚಾಪೆ ಆಗುತ್ತವೆ. ತಾಳೆಯ ಕಾಯಿಂದ ತಾಟಿನುಂಗು. ಮರ ನಿಂತಿರಬೇಕಷ್ಟೆ.

ಮರ ನಿಲ್ಲುತ್ತಿಲ್ಲ. ವೈಶಾಖದಲ್ಲಿ ಹಿಂದಿರುಗುವಾಗ ನಮ್ಮೂರ ಹಳ್ಳದ ದಂಡೆಯಲ್ಲಿ ನಾನು ಎಣಿಸಿದ ಈಚಲುಗಳು ಹದಿನಾಲ್ಕು. ಅವುಗಳಲ್ಲಿ ಒಂಬತ್ತರ ಕಾಂಡಗಳ ಮೇಲೆ ಹಳೆಯ ಕೆತ್ತನೆಯ ಗುರುತುಗಳಿದ್ದವು. ಐದು ಎಳೆಯವು, ಯಾರೂ ಕತ್ತಿ ತಾಗಿಸದವು, ನೆಟ್ಟಗೆ ಬೆಳೆದಿದ್ದವು. ದಂಡೆಯ ಮೇಲೆ ಹೊಲವನ್ನು ಸಮತಟ್ಟು ಮಾಡುವ ಯಂತ್ರ ನಿಂತಿತ್ತು.