ಕಪಾಟಿಗೆ ಇಳಿದ ಚೇತಕ್

ಕಾರವಾರದಿಂದ ಕಾಳಿ ಸೇತುವೆ ದಾಟಿ ಸದಾಶಿವಗಡದ ಆಚೆಗೆ ಹೊರಟರೆ ಹಣಕೋಣ. ವರ್ಷಕ್ಕೆ ಏಳೇ ದಿನ ಬಾಗಿಲು ತೆರೆಯುವ ಸಾತೇರಿ ದೇವಿಯ ಗುಡಿಯಿಂದಾಗಿ ಈ ಊರಿನ ಹೆಸರು ದೂರದವರಿಗೂ ಗೊತ್ತು. ಇಲ್ಲಿನ ಮಕ್ಕಳಿಗೆ ಹೆಲಿಕಾಪ್ಟರ್ ಅಪರೂಪದ ವಸ್ತುವಲ್ಲ. ದಕ್ಷಿಣಕ್ಕೆ ಅರಗಾದಲ್ಲಿ ನೌಕಾಪಡೆಯ ‘ಕದಂಬ’ ನೆಲೆ, ಉತ್ತರಕ್ಕೆ ಗೋವೆಯ ದಾಬೋಲಿಯಲ್ಲಿ ‘ಹಂಸ’ ವಿಮಾನ ನೆಲೆ. ನಡುವಿನ ಬಾನಿನಲ್ಲಿ ಪಟಪಟ ಸದ್ದು ಕೇಳಿಸಿದರೆ ಗದ್ದೆಯಲ್ಲಿದ್ದವರೂ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಾರೆ. ಎರಡು ನಿಮಿಷದಲ್ಲಿ ಅದು ಗುಡ್ಡದಾಚೆ ಮರೆಯಾಗುತ್ತದೆ. ಅದು ಯಾವ ಹೆಲಿಕಾಪ್ಟರ್, ಎಲ್ಲಿ ಹುಟ್ಟಿತು, ಏನು ಮಾಡಿತು ಎಂಬ ಪ್ರಶ್ನೆ ಮಾತ್ರ ನೆಲದಲ್ಲೇ ಉಳಿಯುತ್ತದೆ.

ಆ ಪ್ರಶ್ನೆಯನ್ನು ಹಿಡಿದು ಕೂತವರೇ ಪುಟಾಣಿ ಹೆಲಿಕಾಪ್ಟರುಗಳ ಸಂಗ್ರಾಹಕರು. ಅಂಚೆಚೀಟಿ, ನಾಣ್ಯಗಳ ಸಂಗ್ರಹದಂತೆ ಇದೂ ಒಂದು ಹವ್ಯಾಸ. ಆದರೆ ಇದು ಆಟಿಕೆಯ ವ್ಯವಹಾರವಲ್ಲ. ನಿಜವಾದ ಯಂತ್ರವನ್ನು ಅಳತೆ ತಪ್ಪದಂತೆ ಕುಗ್ಗಿಸಿದ ಮಾದರಿಗಳಿವು. ಕೆಲವು ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಎರೆದು ಮಾಡಿದವು, ಕೊಂಡ ದಿನವೇ ಕಪಾಟಿನಲ್ಲಿ ಇಡಬಹುದು. ಇನ್ನು ಕೆಲವು ಪ್ಲಾಸ್ಟಿಕ್ಕಿನ ಬಿಡಿ ಭಾಗಗಳು. ಅಂಟಿಸಿ, ಬಣ್ಣ ಬಳಿದು, ಚಿಹ್ನೆಗಳನ್ನು ನೀರಿನಲ್ಲಿ ನೆನೆಸಿ ಮೆತ್ತಬೇಕು.

ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 72ಕ್ಕೆ 1. ಈ ವಿಚಿತ್ರ ಸಂಖ್ಯೆಯ ಹಿಂದೆ ಇಂಗ್ಲಿಷರ ಅಡಿ ಮತ್ತು ಅಂಗುಲಗಳ ಲೆಕ್ಕವಿದೆ. ಆರು ಅಡಿ ಎಂದರೆ 72 ಅಂಗುಲ. ಆರಡಿ ಎತ್ತರದ ಪೈಲಟ್ ಈ ಪ್ರಮಾಣದಲ್ಲಿ ಸರಿಯಾಗಿ ಒಂದು ಅಂಗುಲವಾಗುತ್ತಾನೆ. 1930ರ ದಶಕದಲ್ಲಿ ಇಂಗ್ಲೆಂಡಿನ ಸ್ಕೈಬರ್ಡ್ಸ್ ಮತ್ತು ಫ್ರಾಗ್ ಕಂಪನಿಗಳು ಈ ಪ್ರಮಾಣವನ್ನು ರೂಢಿಗೆ ತಂದವು. ಎರಡನೆಯ ಮಹಾಯುದ್ಧದಲ್ಲಿ ಅದಕ್ಕೆ ಪ್ರಾಣದ ಬೆಲೆ ಬಂತು. ಮೇಲೆ ಹಾರುವ ವಿಮಾನ ನಮ್ಮದೋ ಶತ್ರುವಿನದೋ ಎಂದು ಗುರುತಿಸಲು ಸೈನಿಕರಿಗೆ ಕಲಿಸಬೇಕಿತ್ತು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಗೆ ಕರೆ ಕೊಟ್ಟು, ಇದೇ ಪ್ರಮಾಣದಲ್ಲಿ ಮರದ ವಿಮಾನಗಳನ್ನು ಕೆತ್ತಿಸಿ, ಕಪ್ಪು ಬಣ್ಣ ಬಳಿಸಿ ತರಿಸಿಕೊಂಡಿತು. ಗುರುತು ತಪ್ಪಿದರೆ ನಮ್ಮವರ ಗುಂಡಿಗೆ ನಮ್ಮವರೇ ಬಲಿ. ಹಾಗಾಗಿ ಮಾದರಿ ನಿಖರವಾಗಿರಬೇಕೆಂಬ ಹಟ ಈ ಹವ್ಯಾಸಕ್ಕೆ ಹುಟ್ಟಿನಿಂದಲೇ ಅಂಟಿಕೊಂಡು ಬಂದಿದೆ.

ಕಾರವಾರದ ಕಡೆಯವರು ಸಂಗ್ರಹ ಆರಂಭಿಸುವುದಾದರೆ ಮೊದಲು ಬರಬೇಕಾದದ್ದು ಚೇತಕ್. ಇದರ ಮೂಲ ಫ್ರಾನ್ಸಿನ ‘ಅಲೂಯೆಟ್ 3’. ಅಲೂಯೆಟ್ ಎಂದರೆ ಅವರ ಭಾಷೆಯಲ್ಲಿ ಒಂದು ಹಾಡುಹಕ್ಕಿ. 1959ರ ಫೆಬ್ರುವರಿಯಲ್ಲಿ ಮೊದಲು ಹಾರಿದ ಇದನ್ನು ಇಲ್ಲಿ ತಯಾರಿಸಲು 1962ರಲ್ಲಿ ಒಪ್ಪಂದವಾಯಿತು. 1965ರಲ್ಲಿ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಮೊದಲ ಯಂತ್ರ ಮೇಲೆದ್ದಿತು. ಹಾಡುಹಕ್ಕಿ ನಮ್ಮಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರು ಪಡೆಯಿತು. ಮುಂದಿನ ವರ್ಷಗಳಲ್ಲಿ ಬೆಂಗಳೂರಿನಿಂದ 300ಕ್ಕೂ ಹೆಚ್ಚು ಚೇತಕ್‌ಗಳು ಹೊರಬಂದವು. ಅದರ ರೆಕ್ಕೆಚಕ್ರದ ವ್ಯಾಸ ಸುಮಾರು 11 ಮೀಟರ್. ಕಪಾಟಿನಲ್ಲಿ ಅದು 15 ಸೆಂಟಿಮೀಟರಿಗೆ ಇಳಿಯುತ್ತದೆ. ಒಂದು ಊಟದ ತಟ್ಟೆಯೊಳಗೆ ಆರಾಮಾಗಿ ಕೂರುತ್ತದೆ.

ಫ್ರಾನ್ಸಿನ ಹೆಲ್ಲರ್ ಕಂಪನಿ ಅಲೂಯೆಟ್‌ನ ಪ್ಲಾಸ್ಟಿಕ್ ಮಾದರಿಯನ್ನು ಹಿಂದೆಯೇ ಹೊರತಂದಿದೆ. ಸ್ವಾರಸ್ಯ ಇರುವುದು ಇಲ್ಲಿ. ಅಚ್ಚು ಒಂದೇ, ಆದರೆ ಮೆತ್ತುವ ಚಿಹ್ನೆ ಬದಲಾದರೆ ಚರಿತ್ರೆಯೇ ಬದಲಾಗುತ್ತದೆ. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರು ಗೋವೆ ಕಳೆದುಕೊಂಡರು. ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ಅವರ ಧ್ವಜ ಇಳಿಸಲು ಹೋದ ಭಾರತೀಯ ನಾವಿಕರಲ್ಲಿ ಏಳು ಮಂದಿ ಪ್ರಾಣ ತೆತ್ತರು. ಮಾಜಾಳಿಯ ಗಡಿಯಿಂದಲೂ ನಮ್ಮ ಸೇನೆಯ ಒಂದು ತುಕಡಿ ಒಳನುಗ್ಗಿತು. ಗೋವೆ ಬಿಟ್ಟುಹೋದ ಅದೇ ಪೋರ್ಚುಗಲ್ ಮುಂದೆ ಅಂಗೋಲಾ, ಮೊಜಾಂಬಿಕ್‌ಗಳ ಸ್ವಾತಂತ್ರ್ಯ ಹೋರಾಟಗಾರರ ಮೇಲೆ ಹಾರಿಸಿದ್ದು ಇದೇ ಅಲೂಯೆಟ್ 3. ಆ ಯುದ್ಧಗಳು ನಿಂತದ್ದು 1974ರಲ್ಲಿ ಲಿಸ್ಬನ್ನಿನ ಸರಕಾರವೇ ಉರುಳಿದ ಮೇಲೆ.

ಇನ್ನು ಇದೇ ಅಚ್ಚಿಗೆ ಬಾಂಗ್ಲಾದೇಶದ ಕಥೆಯೂ ಉಂಟು. 1971ರಲ್ಲಿ ನಾಗಾಲ್ಯಾಂಡಿನ ದಿಮಾಪುರದಲ್ಲಿ ಬಂಗಾಳಿ ಪೈಲಟ್‌ಗಳ ‘ಕಿಲೋ ಫ್ಲೈಟ್’ ತಯಾರಾಯಿತು. ಅವರ ಬಳಿ ಇದ್ದದ್ದು ಒಂದು ಡಕೋಟಾ, ಒಂದು ಆಟರ್, ಒಂದು ಅಲೂಯೆಟ್. ಡಿಸೆಂಬರ್ 3ರ ರಾತ್ರಿ ರಾಕೆಟ್ಟು ಕಟ್ಟಿಕೊಂಡ ಆ ಅಲೂಯೆಟ್ ನಾರಾಯಣಗಂಜಿನ ತೈಲ ಸಂಗ್ರಹಾಗಾರದ ಮೇಲೆ ಎರಗಿತು. ಒಂದು ಕಡೆ ವಸಾಹತು ಉಳಿಸಿಕೊಳ್ಳಲು, ಇನ್ನೊಂದು ಕಡೆ ಹೊಸ ದೇಶ ಕಟ್ಟಲು ದುಡಿದ ಯಂತ್ರ ಒಂದೇ. ಚಿಹ್ನೆ ನೋಡದೆ ಬರೀ ‘ಅಲೂಯೆಟ್’ ಎಂದು ಚೀಟಿ ಅಂಟಿಸಿದರೆ ಈ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ.

ಕಪಾಟಿನಲ್ಲಿ ಚೇತಕ್ ಪಕ್ಕ ಇಡಬೇಕಾದ ಜೋಡಿ ಎಂದರೆ ರಷ್ಯದ ‘ಮಿ-4’ ಮತ್ತು ಇಂಗ್ಲೆಂಡಿನ ‘ಸೀ ಕಿಂಗ್’. ಎರಡೂ ದೊಡ್ಡವು. 72ಕ್ಕೆ 1ರಲ್ಲಿ ಮಿ-4ರ ರೆಕ್ಕೆಚಕ್ರ 29 ಸೆಂಟಿಮೀಟರ್, ಸೀ ಕಿಂಗ್‌ದು 26. ಮಿ-4ನ್ನು ಚೀನಾದ ಹಾಬಿಬಾಸ್ ಕಂಪನಿಯೂ, ಸೀ ಕಿಂಗನ್ನು ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯೂ ಮಾಡಿವೆ. ಇವೆರಡನ್ನು ಜೊತೆಗಿಡಲು ಕಾರಣ ಒಂದು ತಾರೀಕು: 1971ರ ಡಿಸೆಂಬರ್ 9.

ಅಂದು ಪೂರ್ವದಲ್ಲಿ ಮೇಘನಾ ನದಿಯ ಸೇತುವೆಯನ್ನು ಪಾಕಿಸ್ತಾನಿ ಸೇನೆ ಉಡಾಯಿಸಿಬಿಟ್ಟಿತ್ತು. ಢಾಕಾದ ದಾರಿ ಮುಚ್ಚಿತು ಎಂದು ಅವರು ನೆಮ್ಮದಿಯಾಗಿದ್ದರು. ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ತಮ್ಮ ಸೈನಿಕರನ್ನು ಮಿ-4ಗಳಲ್ಲಿ ತುಂಬಿ, ಕತ್ತಲಲ್ಲೂ ಸರದಿಯ ಮೇಲೆ ಸರದಿ ಹಾರಿಸಿ, ನದಿ ದಾಟಿಸಿಯೇಬಿಟ್ಟರು. ಹತ್ತು ವರ್ಷ ಹಿಂದೆ ಗೋವಾ ವಿಮೋಚನೆಯಲ್ಲಿ 50ನೇ ಪ್ಯಾರಾ ಬ್ರಿಗೇಡನ್ನು ಪಣಜಿಯತ್ತ ನಡೆಸಿದವರೂ ಇವರೇ. ಏಳು ದಿನಗಳಲ್ಲಿ ಢಾಕಾ ಶರಣಾಯಿತು.

ಅದೇ ಡಿಸೆಂಬರ್ 9ರ ರಾತ್ರಿ ಪಶ್ಚಿಮದಲ್ಲಿ, ದೀವ್ ಸಮುದ್ರದಲ್ಲಿ, ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ನಮ್ಮ ‘ಖುಕ್ರಿ’ಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಹಡಗಿನೊಂದಿಗೆ ಹೋದರು. ಜಲಾಂತರ್ಗಾಮಿಯ ಬೇಟೆಗೆಂದೇ ತರಿಸಿದ ಸೀ ಕಿಂಗ್‌ಗಳ ಮೊದಲ ದಳ ಕೊಚ್ಚಿಯಲ್ಲಿ ಸ್ಥಾಪನೆಯಾದದ್ದು ಅದೇ ವರ್ಷದ ಏಪ್ರಿಲ್ 17ರಂದು. ಎಂಟು ತಿಂಗಳೂ ತುಂಬಿರಲಿಲ್ಲ. ಗೆದ್ದ ಯುದ್ಧದಲ್ಲೂ ಒಂದೇ ರಾತ್ರಿ ಎರಡು ಬಗೆಯ ಸುದ್ದಿ ಬಂದಿತ್ತೆಂಬುದನ್ನು ಈ ಎರಡು ಮಾದರಿಗಳು ಅಕ್ಕಪಕ್ಕ ನಿಂತು ಹೇಳುತ್ತವೆ. ಸೀ ಕಿಂಗ್‌ಗಳ ಕೆಲಸಕ್ಕೆ ಈಗ ಅಮೆರಿಕದ ‘ಎಂಎಚ್-60 ಆರ್’ ಬಂದಿದೆ. ಅದರ ಮೊದಲ ದಳ ಕೊಚ್ಚಿಯಲ್ಲೇ 2024ರ ಮಾರ್ಚ್ 6ರಂದು ನೌಕಾಪಡೆ ಸೇರಿತು.

ಸಂಗ್ರಹಕ್ಕಿಳಿಯುವವರು ಮೊದಲು ಕಣ್ಣನ್ನು ಪಳಗಿಸಬೇಕು. ಚೇತಕ್‌ಗೆ ಮೂರು ಅಲಗು, ಮೂರು ಗಾಲಿ. ಅದರ ತಮ್ಮನಂತಿರುವ ಚೀತಾಕ್ಕೆ ಗಾಲಿಯ ಬದಲು ಜಾರುಪಟ್ಟಿ, ಬಾಲವೋ ಮುಚ್ಚಿಗೆಯಿಲ್ಲದ ಕಬ್ಬಿಣದ ಜಾಲರಿ. 1984ರ ಏಪ್ರಿಲ್ 13ರಂದು ಸಿಯಾಚಿನ್‌ಗೆ ನಮ್ಮ ಸೈನಿಕರನ್ನು ಇಳಿಸಿದ್ದು ಈ ಬಡಕಲು ದೇಹದ ಚೀತಾವೇ. ಸೀ ಕಿಂಗ್‌ಗೆ ಐದು ಅಲಗು. ಒಂದರ ಮೇಲೊಂದು ಎರಡು ಚಕ್ರವಿದ್ದು ಬಾಲದಲ್ಲಿ ಚಕ್ರವೇ ಇಲ್ಲದಿದ್ದರೆ ಅದು ರಷ್ಯದ ಕಮೋವ್. ನಾಲ್ಕು ಅಲಗಿನ ಧ್ರುವ್ ನಮ್ಮದೇ ವಿನ್ಯಾಸ, 1992ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿತು. ನಿಂತ ಹೆಲಿಕಾಪ್ಟರಿನ ಅಲಗುಗಳು ತಮ್ಮ ಭಾರಕ್ಕೆ ತುಸು ಬಾಗಿರುತ್ತವೆ. ಮಾದರಿಯಲ್ಲಿ ಅವು ಅಡ್ಡಪಟ್ಟಿಯಂತೆ ನೆಟ್ಟಗಿದ್ದರೆ ಮಾಡಿದವರು ಗಮನಿಸಿಲ್ಲವೆಂದೇ ತಿಳಿಯಬೇಕು. ಚಿಹ್ನೆಯಲ್ಲೂ ಅಷ್ಟೇ ಎಚ್ಚರ ಬೇಕು. ಭಾರತದ ವೃತ್ತಚಿಹ್ನೆಯಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಇದು ತಿರುಗುಮುರುಗಾದರೆ ಉಳಿದ ಶ್ರಮವೆಲ್ಲ ವ್ಯರ್ಥ.

ಕರಾವಳಿಯಲ್ಲಿ ಇನ್ನೊಂದು ಶತ್ರುವಿದೆ: ಹವೆ. ಮಳೆಗಾಲದ ತೇವಕ್ಕೆ ಚಿಹ್ನೆಗಳು ಬಿಟ್ಟುಕೊಳ್ಳುತ್ತವೆ, ಪೆಟ್ಟಿಗೆಗೆ ಬೂಷ್ಟು ಹಿಡಿಯುತ್ತದೆ, ಉಪ್ಪುಗಾಳಿಗೆ ಲೋಹ ಕಪ್ಪಿಡುತ್ತದೆ. ಗಾಜಿನ ಬಾಗಿಲಿನ ಕಪಾಟು, ಒಳಗೆ ತೇವ ಹೀರುವ ಸಿಲಿಕಾ ಪೊಟ್ಟಣ, ಬಿಸಿಲು ನೇರ ಬೀಳದ ಗೋಡೆ, ಇಷ್ಟಿದ್ದರೆ ಸಾಕು. ಧೂಳು ಒರೆಸಲು ಬಟ್ಟೆ ಬೇಡ, ಅಲಗು ಮುರಿದೀತು; ಮೆತ್ತನೆಯ ಬಣ್ಣದ ಕುಂಚವೇ ಮೇಲು.

ನಿಜವಾದ ಯಂತ್ರ ನೋಡಿ ಅಳತೆ, ಬಣ್ಣ ತಾಳೆ ಹಾಕಬೇಕೆನ್ನುವವರಿಗೆ ವಾಸ್ಕೋ ಬಳಿಯ ಬೋಗ್ಮಾಲೋದ ನೌಕಾ ವೈಮಾನಿಕ ವಸ್ತುಸಂಗ್ರಹಾಲಯ ದೂರವಲ್ಲ. 1998ರಲ್ಲಿ ಆರಂಭವಾದ ಅಲ್ಲಿ ಹೆಲಿಕಾಪ್ಟರುಗಳನ್ನು ಕೈಗೆಟುಕುವಷ್ಟು ಹತ್ತಿರದಿಂದ ನೋಡಬಹುದು. ಬೆಂಗಳೂರಿಗೆ ಹೋದವರಿಗೆ 2001ರಲ್ಲಿ ತೆರೆದ ಎಚ್‌ಎಎಲ್ ಸಂಗ್ರಹಾಲಯವಿದೆ. ಮನೆಯಂಗಳದಲ್ಲೇ, ಕಾರವಾರದ ಟಾಗೋರ್ ಕಡಲತೀರದಲ್ಲಿ, ಕ್ಷಿಪಣಿ ದೋಣಿ ‘ಚಪಲ್’ 2006ರಿಂದ ದಡದ ಮೇಲೆ ನಿಂತಿದೆ. ಯುದ್ಧನೌಕೆಯ ಬಣ್ಣ ನಿಜಕ್ಕೂ ಎಂಥ ಬೂದು ಎಂದು ತಿಳಿಯಲು ಅಲ್ಲಿ ಹತ್ತು ನಿಮಿಷ ನಿಂತರೆ ಸಾಕು.

ಒಳ್ಳೆಯ ಸಂಗ್ರಹದಲ್ಲಿ ಪ್ರತಿ ಮಾದರಿಯ ಕೆಳಗೂ ಒಂದು ಚೀಟಿ ಇರುತ್ತದೆ. ಹೆಸರು, ಪ್ರಮಾಣ, ಯಾರ ಚಿಹ್ನೆ, ಯಾವ ದಿನ. ಕಾರವಾರ, ಅಂಕೋಲೆಯ ಕಪಾಟಿನಲ್ಲಿ ಆ ಚೀಟಿಗೆ ಒಂದು ಸಾಲು ಹೆಚ್ಚು ಬೇಕಾದೀತು. 1986ರಲ್ಲಿ ಶಂಕುಸ್ಥಾಪನೆಯಾಗಿ, 2005ರಲ್ಲಿ ನೌಕಾಪಡೆಗೆ ಸೇರಿದ ಕದಂಬ ನೆಲೆಗಾಗಿ ಈ ಎರಡು ತಾಲೂಕುಗಳ 13 ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ಪರಿಹಾರಕ್ಕಾಗಿ ಹಲವರು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದರು. ಆ ಮನೆಗಳ ಮಾದರಿ ಯಾವ ಕಂಪನಿಯ ಪೆಟ್ಟಿಗೆಯಲ್ಲೂ ಬರುವುದಿಲ್ಲ. ಚೇತಕ್ ಕೆಳಗಿನ ಚೀಟಿಯಲ್ಲಿ ‘ಬೆಂಗಳೂರಿನಲ್ಲಿ ಕಟ್ಟಿದ್ದು, 72ಕ್ಕೆ 1’ ಎಂದು ಬರೆದ ಮೇಲೆ ‘ಅರಗಾದ ಮೇಲೆ ಹಾರಿದ್ದು’ ಎಂದೂ ಸೇರಿಸಿದರೆ, ಅರಗಾ ಎಂದರೆ ಎಲ್ಲಿ, ಅಲ್ಲಿ ಮೊದಲು ಯಾರಿದ್ದರು ಎಂದು ಮನೆಯ ಮಗು ಒಂದು ದಿನ ಕೇಳದೆ ಬಿಡದು.