ತತ್ತಿ ಕಾಯುವ ತಂದೆ

ಪರದೇಶದಿಂದ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ಒಮ್ಮೊಮ್ಮೆ ಗಾಜಿನ ಪುಟ್ಟ ಸೀಸೆಯೊಂದು ಇರುತ್ತದೆ. ಅದರೊಳಗೆ ಸಾಸಿವೆಗಿಂತ ತುಸು ದೊಡ್ಡದಾದ, ಕಪ್ಪಗೆ ಹೊಳೆಯುವ ಕಾಳುಗಳು. ಮೀನಿನ ತತ್ತಿಯೆಂದು ತಿಳಿದೊಡನೆ ನಮ್ಮಲ್ಲಿ ಕೆಲವರು ಮೂಗು ಮುರಿಯುವರು. ಕೆಲವರು ನಾಲಗೆಗೆ ಹಚ್ಚಿ ನೋಡುವರು. ಆ ತತ್ತಿಯ ಹಿಂದಿನ ಕಥೆಯನ್ನು ಕೇಳುವವರು ಮಾತ್ರ ವಿರಳ.

ಅದು ಅಟ್ಲಾಂಟಿಕ್ ಸಾಗರದ ಉತ್ತರ ಭಾಗದ ತಣ್ಣೀರಿನಲ್ಲಿ ಬಾಳುವ ಲಂಪ್‌ಫಿಶ್ ಎಂಬ ಮೀನಿನದು. ದುಂಡು ಮೈ, ಹುರುಪೆಯಿಲ್ಲ, ಬೆನ್ನಿನಲ್ಲಿಯೂ ಪಕ್ಕಗಳಲ್ಲಿಯೂ ಗಂಟುಗಳ ಸಾಲು. ಹೊಟ್ಟೆಯ ರೆಕ್ಕೆಗಳು ಒಂದುಗೂಡಿ ಬಟ್ಟಲಿನಂತಾಗಿರುವುದರಿಂದ ಬಂಡೆಗೆ ಗಟ್ಟಿಯಾಗಿ ಅಂಟಿಕೊಳ್ಳಬಲ್ಲದು. ವಸಂತದಲ್ಲಿ ದಡದ ಬಂಡೆಗಳ ನಡುವೆ ಹೆಣ್ಣು ಲಕ್ಷಕ್ಕೂ ಮಿಕ್ಕಿ ತತ್ತಿಗಳನ್ನಿಟ್ಟು ಹಿಂದಿರುಗುತ್ತದೆ. ಕಾವಲಿಗೆ ನಿಲ್ಲುವುದು ಗಂಡು. ಆ ಕಾಲಕ್ಕೆ ಅದರ ಮೈ ಕೆಂಪೇರುತ್ತದೆ. ಆರೆಂಟು ವಾರಗಳ ಕಾಲ ತತ್ತಿಗಳ ಮೇಲೆ ನೀರನ್ನು ಹಾಯಿಸುತ್ತ, ಕಳ್ಳರನ್ನು ಅಟ್ಟುತ್ತ ಅಲ್ಲಿಯೇ ಇರುತ್ತದೆ. ಐಸ್‌ಲೆಂಡಿನವರು ಗಂಡಿಗೆ ಒಂದು ಹೆಸರು, ಹೆಣ್ಣಿಗೆ ಬೇರೆಯೇ ಒಂದು ಹೆಸರು ಇಟ್ಟಿದ್ದಾರೆ. ಸ್ಟರ್ಜನ್ ಮೀನಿನ ದುಬಾರಿ ತತ್ತಿಗೆ ಬದಲಾಗಿ ಇದರ ತತ್ತಿಗೆ ಉಪ್ಪು ಬೆರೆಸಿ, ಕಪ್ಪು ಇಲ್ಲವೆ ಕೆಂಪು ಬಣ್ಣ ಹಾಕಿ ಮಾರುತ್ತಾರೆ.

ಇಂತಹ ತಂದೆ ನಮ್ಮ ಕೆರೆಗಳಲ್ಲಿಯೂ ಇದ್ದಾನೆ. ಹಿಂದೂಪುರದ ಪೆನ್ನೆ ನಂದಿಬೆಟ್ಟದ ಸೀಮೆಯಿಂದ ಬರುತ್ತದೆ. ಕಲ್ಯಾಣದುರ್ಗದ ಕಡೆಯ ಭೈರವಾನಿತಿಪ್ಪೆ ಜಲಾಶಯಕ್ಕೆ ನೀರು ತರುವ ವೇದಾವತಿಯೂ ಕರ್ನಾಟಕದಿಂದಲೇ ಇಳಿದು ಬರುತ್ತಾಳೆ. ಹೊಳೆಗೆ ಗಡಿಯಿಲ್ಲ, ಹೊಳೆಯ ಮೀನಿಗೂ ಇಲ್ಲ. ನಾವು ಕುಚ್ಚುಮೀನು ಎನ್ನುವುದನ್ನು ನೆರೆಮನೆಯವರು ಕೊರಮೀನು ಎನ್ನುವರು. ನೀರು ಬತ್ತಿದರೆ ಕೆಸರಿನಲ್ಲಿ ಹುದುಗಿ, ಗಾಳಿಯನ್ನೇ ಉಸಿರಾಡಿ ದಿನ ನೂಕುವ ಈ ಜೀವ ನಮ್ಮ ಬರದ ಸೀಮೆಗೆ ತಕ್ಕುದೇ ಆಗಿದೆ. ಮಳೆಗಾಲದಲ್ಲಿ ಜೊಂಡಿನ ನಡುವೆ ನೀರನ್ನು ತೆರವು ಮಾಡಿ ಇದು ತತ್ತಿಯಿಡುತ್ತದೆ. ತತ್ತಿಗಳು ನೀರಿನ ಮೇಲೆ ತೇಲುತ್ತವೆ. ಮರಿಗಳು ಹೊರಬಂದು ಕೆಂಬಣ್ಣದ ಗುಂಪಾಗಿ ಸುಳಿದಾಡುವಾಗಲೂ ಹೆತ್ತವರು ಕೆಳಗಿದ್ದು ಕಾಯುತ್ತಾರೆ.

ಹಿಡಿಯುವವರಿಗೆ ಆ ಕೆಂಪು ಗುಂಪೇ ಗುರುತು. ಕಾವಲಿಗಿರುವ ಮೀನು ಮರಿಗಳ ಬಳಿಗೆ ಬಂದುದರ ಮೇಲೆಲ್ಲ ಎರಗುವುದರಿಂದ ಗಾಳಕ್ಕೆ ಸುಲಭವಾಗಿ ಸಿಕ್ಕುತ್ತದೆ. ಒಂದು ಹೊತ್ತಿನ ಸಾರಿಗಾಗಿ ತಂದೆಯನ್ನು ಎತ್ತಿಕೊಂಡರೆ ಮರಿಗಳೆಲ್ಲ ಇತರ ಮೀನು, ಕಪ್ಪೆ, ಹಕ್ಕಿಗಳ ಪಾಲು. ಮರುವರ್ಷ ಕೆರೆ ತುಂಬಿದರೂ ಕುಚ್ಚುಮೀನು ಕಾಣದು.

ಹಾಗೆಂದು ಮೀನಿನ ತತ್ತಿಯನ್ನೇ ಬಿಡಿರೆಂದು ನಾವು ಹೇಳುತ್ತಿಲ್ಲ. ಸಂತೆಯಲ್ಲಿ ದೊರೆಯುವ ಕಟ್ಲ, ರೋಹು, ಮೃಗಾಲ್ ಮೀನುಗಳು ಕೆರೆಯ ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದೇ ಇಲ್ಲ. ಅವುಗಳಿಗೆ ಹರಿಯುವ ಹೊಳೆ ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರೂ ಅವರ ಸಂಗಡಿಗರೂ ಮೀನಿನ ಪಿಟ್ಯೂಟರಿ ಗ್ರಂಥಿಯ ರಸವನ್ನು ಚುಚ್ಚಿ ತತ್ತಿಯಿಡಿಸಿದ ಮೇಲೆಯೇ ಇವುಗಳ ಮರಿಗಳನ್ನು ಬೇಕಾದಷ್ಟು ಬೆಳೆಸಿ ಕೆರೆಗಳಿಗೆ ಬಿಡುವುದು ಸಾಧ್ಯವಾಯಿತು. ಆದ್ದರಿಂದ ಕೆರೆಯಲ್ಲಿ ಸಾಕಿದ ರೋಹುವಿನ ತತ್ತಿಯನ್ನು ಹುರಿದುಕೊಂಡರೆ ಕೆರೆಯ ಸಂತಾನವೇನೂ ಕುಂದದು. ಕುಚ್ಚುಮೀನಿನ ಮಾತೇ ಬೇರೆ: ಅದು ತನ್ನ ಮರಿಗಳನ್ನು ಕೆರೆಯಲ್ಲಿ ತಾನೇ ಬೆಳೆಸಬೇಕು.

ಆಂಧ್ರದ ಕಡಲಿನಲ್ಲಿ ಮೀನು ಮರಿ ಮಾಡಲೆಂದು ಏಪ್ರಿಲ್ 15ರಿಂದ ಜೂನ್ 14ರ ತನಕ, 61 ದಿನ, ಯಂತ್ರದ ದೋಣಿಗಳನ್ನು ತಡೆದು ನಿಲ್ಲಿಸುತ್ತಾರೆ. ನಮ್ಮೂರ ಕೆರೆಯ ಏರಿಯ ಮೇಲೆ ಅಂತಹ ಕಾವಲುಗಾರನನ್ನು ಎಲ್ಲಿಂದ ತರುವುದು? ಮಳೆ ಬಿದ್ದು ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡಾಗ, ಗಾಳ ಹಿಡಿದು ಓಡುವ ಹುಡುಗರನ್ನು ಮನೆಯ ಹಿರಿಯರು ಕೂಗಿ ಕರೆದು, ಅದರ ಕೆಳಗೆ ಯಾರಿದ್ದಾರೆಂದು ತಿಳಿಸಿ ಹೇಳಿದರೆ ಅಷ್ಟೇ ಸಾಕು.