ಹೊಳೆಯಂಚಿನ ಮನೆಗೆ ಆಚೆ ದಡದವರನ್ನು ಕೇಳಬೇಡವೇ?

ಉಡುಪಿ ಜಿಲ್ಲೆಯ ಹೊಳೆಬದಿಯ ಊರುಗಳಲ್ಲಿ ಒಂದು ಹೊಸ ಬಗೆಯ ಜಗಳ ಶುರುವಾಗಿದೆ. ಸ್ವರ್ಣೆಯ ದಡದಲ್ಲೋ ಸೀತೆಯ ದಡದಲ್ಲೋ ಯಾರೋ ಇಪ್ಪತ್ತು ಮೂವತ್ತು ಸೆಂಟ್ಸ್ ತೆಂಗಿನ ತೋಟ ಕೊಳ್ಳುತ್ತಾರೆ. ನೀರಿಗೆ ಮುಖ ಮಾಡಿ ಒಂದು ಮನೆ ಕಟ್ಟಬೇಕೆಂಬ ಆಸೆ. ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮ ಅಡ್ಡ ಬರುತ್ತದೆ. ‘ಇದೊಂದಕ್ಕೆ ಸ್ವಲ್ಪ ಸಡಿಲಿಸಿ’ ಎಂಬ ಮಾತು ಪಂಚಾಯತಿಗೆ ಬಂದ ದಿನ ಊರು ಎರಡಾಗುತ್ತದೆ. ‘ಅವರ ಜಾಗ, ಅವರ ದುಡ್ಡು, ನಿಮಗೇನು ತೊಂದರೆ?’ ಎನ್ನುವವರು ಕೆಲವರು. ‘ಮಳೆಗಾಲದಲ್ಲಿ ನೀರು ನುಗ್ಗುವುದು ನಮ್ಮ ಅಂಗಳಕ್ಕೆ’ ಎನ್ನುವವರು ಇನ್ನು ಕೆಲವರು. ಈ ಎರಡನೆಯವರಿಗೆ ಊರು ಕೊಡುವ ಹೆಸರು ಒಂದೇ: ಹೊಟ್ಟೆಕಿಚ್ಚಿನವರು.

ನಾನು ಹೊಟ್ಟೆಕಿಚ್ಚಿನವರ ಪರ.

ಹೊಳೆಯಂಚಿನಲ್ಲಿ ಮನೆಯೊಂದೇ ಏಳುವುದಿಲ್ಲ, ಅದರ ಬೆನ್ನಿಗೆ ದಂಡೆಯೂ ಏಳುತ್ತದೆ. ಮೊದಲ ಮಳೆಗಾಲಕ್ಕೆ ಜಗಲಿಯ ಬುಡದ ಮಣ್ಣು ಜಾರುತ್ತದೆ. ಎರಡನೆಯ ಬೇಸಿಗೆಗೆ ಟಿಪ್ಪರಿನಲ್ಲಿ ಶಿಲೆಕಲ್ಲು ಬರುತ್ತದೆ, ಕಾಂಡ್ಲಾ ಗಿಡಗಳನ್ನು ಸವರಿ ಗೋಡೆ ಕಟ್ಟುತ್ತಾರೆ, ಅದರ ಹಿಂದೆ ಮಣ್ಣು ತುಂಬಿಸಿ ಲಾನ್ ಮಾಡುತ್ತಾರೆ. ಅಲ್ಲಿಯವರೆಗೆ ನೆರೆ ಬಂದಾಗ ತೋಟದೊಳಗೆ ಹರಡಿ, ಎರಡು ದಿನ ನಿಂತು, ಇಳಿದು ಹೋಗುತ್ತಿದ್ದ ನೀರು ಈಗ ಆ ಗೋಡೆಗೆ ಬಡಿದು ಬೇರೆ ದಾರಿ ಹುಡುಕುತ್ತದೆ. ಆಚೆ ದಡಕ್ಕೆ ಹೋಗಿ ನೋಡಿ. ಅಂಚಿನ ತೆಂಗಿನ ಮರದ ಬೇರು ಗಾಳಿಯಲ್ಲಿ ಜೋಲಾಡುತ್ತಿರುತ್ತದೆ, ಮರ ಹೊಳೆಯ ಕಡೆ ಬಾಗಿರುತ್ತದೆ, ಅದರ ಹಿಂದಿನ ಮರದ ಬುಡದಲ್ಲಿ ಬಿರುಕು ಬಿಟ್ಟಿರುತ್ತದೆ. ಆ ತೋಟದವನು ಯಾರ ಮೇಲೆ ಕೇಸು ಹಾಕಬೇಕು? ಅವನು ಇನ್ನೊಂದು ಪಂಚಾಯತಿನವನು. ಈಚೆಯ ಗ್ರಾಮಸಭೆಯಲ್ಲಿ ಅವನಿಗೆ ಕುರ್ಚಿಯೂ ಇಲ್ಲ, ಮಾತೂ ಇಲ್ಲ.

ಕೊನೆಗೆ ಅವನು ಮಾಡುವುದು ಎಲ್ಲರೂ ಮಾಡುವುದನ್ನೇ. ಶಾಸಕರಿಗೆ ಮನವಿ ಕೊಡುತ್ತಾನೆ, ‘ನದಿದಂಡೆ ಸಂರಕ್ಷಣೆ’ ಹೆಸರಿನಲ್ಲಿ ಸರ್ಕಾರದ ದುಡ್ಡಿನಲ್ಲಿ ಆಚೆಗೂ ಒಂದು ಗೋಡೆ ಬರುತ್ತದೆ. ಒಬ್ಬರ ನೋಟಕ್ಕೆ ಊರಿನ ತೆರಿಗೆ. ಎರಡೂ ಕಡೆ ಗೋಡೆಯಾದ ಮೇಲೆ ಹೊಳೆ ಚರಂಡಿಯಾಗುತ್ತದೆ, ತೊಂದರೆ ಇನ್ನೂ ಕೆಳಗಿನವರಿಗೆ ಜಾರುತ್ತದೆ.

ಇದು ಉತ್ಪ್ರೇಕ್ಷೆ ಎನ್ನುವವರು 2020ರ ಸೆಪ್ಟೆಂಬರ್ 20ನ್ನು ನೆನಪಿಸಿಕೊಳ್ಳಲಿ. ಅಂದು ಉಡುಪಿಯಲ್ಲಿ ನೆರೆ ನುಗ್ಗಿದಾಗ ಮನೆಯ ಮೊದಲ ಮಹಡಿಗೆ ಓಡಿದವರು ಇನ್ನೂ ನಮ್ಮ ನಡುವೆಯೇ ಇದ್ದಾರೆ. ಘಟ್ಟದಿಂದ ಇಳಿದ ಮಳೆನೀರು, ಕಡಲಿನ ಭರತ ಎರಡೂ ಒಟ್ಟಿಗೆ ಬಂದರೆ ನಮ್ಮ ಹೊಳೆಗಳಿಗೆ ಹೋಗಲು ಜಾಗವೇ ಇರುವುದಿಲ್ಲ. ಆ ಹೊತ್ತಿಗೆ ಬೇಕಾಗುವುದೇ ದಡದ ಈ ಖಾಲಿ ಜಾಗ. ಸರ್ವೆ ನಕ್ಷೆಯಲ್ಲಿ ಅದು ಪಟ್ಟಾ ಭೂಮಿ. ಹೊಳೆಗೆ ಆ ನಕ್ಷೆ ಗೊತ್ತಿಲ್ಲ.

‘ಕಾನೂನು ತೀರಾ ಬಿಗಿ’ ಎಂಬ ದೂರನ್ನು ನಂಬುವ ಮೊದಲು ಅದರ ಕತೆ ಸ್ವಲ್ಪ ಕೇಳಬೇಕು. 1981ರಲ್ಲಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಭರತದ ಗೆರೆಯಿಂದ 500 ಮೀಟರ್‌ವರೆಗೆ ಕಟ್ಟಡ ಬೇಡ ಎಂದರು. ಅದು ಕಾನೂನಾಗಲು 1991ರ ಫೆಬ್ರುವರಿ ಬರಬೇಕಾಯಿತು. ಮೂರೇ ವರ್ಷದಲ್ಲಿ, ಅಂದರೆ 1994ರಲ್ಲಿ, ತಿದ್ದುಪಡಿ ಬಂತು: ಭರತ ಏರುವ ಹೊಳೆಗಳ ಬದಿಯ 100 ಮೀಟರನ್ನು 50ಕ್ಕೆ ಇಳಿಸಲಾಯಿತು. ಕಡಲ ಬದಿಯ ನಿಷೇಧವನ್ನು ಬೇಕೆಂದಾಗ ಸಡಿಲಿಸುವ ಅಧಿಕಾರವನ್ನೂ ಕೇಂದ್ರ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. 1996ರಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಹೊಡೆದುಹಾಕಿತು. ಹೊಳೆಯ ಅಂತರವನ್ನು ಅರ್ಧಕ್ಕೆ ಇಳಿಸಿದ್ದಕ್ಕೆ ಸರಿಯಾದ ಕಾರಣವಿಲ್ಲ. ಲಂಗುಲಗಾಮಿಲ್ಲದ ಸಡಿಲಿಕೆಯ ಅಧಿಕಾರವಂತೂ ಸಲ್ಲದು. ನ್ಯಾಯಾಲಯ ಹೇಳಿದ್ದರ ಸಾರ ಇಷ್ಟು. ಆಮೇಲೆ? 2019ರ ಜನವರಿಯ ಹೊಸ ಅಧಿಸೂಚನೆಯಲ್ಲಿ ಅದೇ 50 ಮೀಟರ್ ಹಿಂಬಾಗಿಲಿನಿಂದ ಅಲ್ಲ, ಮುಂಬಾಗಿಲಿನಿಂದಲೇ ಒಳಗೆ ಬಂತು. ಹೊಳೆಯ ಅಗಲ ಐವತ್ತಕ್ಕಿಂತ ಕಡಿಮೆಯಿದ್ದರೆ ಅಷ್ಟೂ ಇಲ್ಲ, ಅಗಲ ಎಷ್ಟೋ ಅಷ್ಟೇ. ಅದೂ ಕಡು ಬೇಸಿಗೆಯಲ್ಲಿ ನೀರಿನ ಉಪ್ಪು ಸಾವಿರಕ್ಕೆ ಐದು ಭಾಗ ಇರುವ ಕಡೆಯವರೆಗೆ ಮಾತ್ರ.

ಹಾಗಾಗಿ ಈಗ ಉಳಿದಿರುವುದೇ ಸಡಿಲಿಸಿ ಸಡಿಲಿಸಿ ಉಳಿಸಿದ ಚೂರು. ಅದರಲ್ಲಿ ಇನ್ನೊಂದು ಸಡಿಲಿಕೆ ಕೇಳುವವರಿಗೆ ನಾಚಿಕೆಯಾಗಬೇಕು.

ನಾಚಿಕೆ ಬಿಟ್ಟವರಿಗೆ ದಾರಿಗಳೂ ಇವೆ. ಅಧಿಸೂಚನೆ ಹಳೆಯ ಅಧಿಕೃತ ಮನೆಯ ರಿಪೇರಿಗೆ, ಪುನರ್‌ನಿರ್ಮಾಣಕ್ಕೆ ಅವಕಾಶ ಕೊಡುತ್ತದೆ. ಮನೆಯ ಅಡಿಪಾಯದ ವಿಸ್ತೀರ್ಣ ಹಿಗ್ಗಬಾರದು ಎಂಬ ಷರತ್ತೂ ಇದೆ. ದಲ್ಲಾಳಿಗಳು ಇದನ್ನು ಬಾಯಿಪಾಠ ಮಾಡಿದ್ದಾರೆ. ಹೊಳೆಬದಿಯಲ್ಲಿ ಮಾರಾಟಕ್ಕಿರುವುದು ಜಾಗವಲ್ಲ, ಡೋರ್ ನಂಬರ್. ಅರ್ಧ ಬಿದ್ದ ಹಂಚಿನ ಮನೆ, ಅದರ ಗೋಡೆಯಲ್ಲಿ ಪಂಚಾಯತಿನ ತಗಡಿನ ಸಂಖ್ಯೆ. ಆ ತಗಡಿಗೇ ಬೆಲೆ. ರಿಪೇರಿ ಹೆಸರಿನಲ್ಲಿ ಹಳೆಯದು ನೆಲಸಮವಾಗಿ, ಜಗಲಿಯಿದ್ದಲ್ಲಿ ಹಾಲ್, ಹಟ್ಟಿಯಿದ್ದಲ್ಲಿ ಬೆಡ್‌ರೂಮ್ ಬರುತ್ತದೆ. ಮುಂದಿನ ವರ್ಷ ಗೇಟಿಗೆ ಹೋಮ್‌ಸ್ಟೇ ಬೋರ್ಡು. ಇದ್ದ ಮನೆಯ ಅಡಿಪಾಯ, ಮುಖ ಬದಲಿಸದೆ ಹೋಮ್‌ಸ್ಟೇ ನಡೆಸಬಹುದು ಎಂದು ಕಾನೂನೇ ಹೇಳುತ್ತದಲ್ಲ! ಮುಖ ಬದಲಾಗಿದೆಯೇ ಎಂದು ಅಳೆಯಲು ಹಳೆಯ ಮನೆಯ ಒಂದು ಫೋಟೊ ಕೂಡ ಕಡತದಲ್ಲಿರುವುದಿಲ್ಲ.

ಇಲ್ಲಿ ಎದುರು ಪಕ್ಷದ ಒಂದು ಮಾತನ್ನು ಒಪ್ಪಲೇಬೇಕು. ಹೊಳೆ ನಡುವಿನ ಕುದ್ರುಗಳಲ್ಲಿ, ಹೊಳೆ ಕಡಲು ಸೇರುವ ಕೋಡಿಗಳಲ್ಲಿ ತಲೆಮಾರುಗಳಿಂದ ಇರುವವರ ಪಾಡು ನಿಜವಾಗಿಯೂ ಕಷ್ಟದ್ದು. ಅಣ್ಣ ತಮ್ಮ ಪಾಲಾದರೆ ಎರಡನೆಯ ಮನೆಗೆ ಜಾಗವಿಲ್ಲ. ಪಂಚಾಯತಿನ 9/11 ನಮೂನೆ ಆಗುವುದಿಲ್ಲ, 9/11 ಇಲ್ಲದೆ ಬ್ಯಾಂಕಿನ ಸಾಲವಿಲ್ಲ. ಶೌಚಾಲಯಕ್ಕೆ ಎರಡು ಗೋಡೆ ಎಬ್ಬಿಸಿದರೂ ನೋಟಿಸಿನ ಭಯ. ಕಡಲ ತೀರದಲ್ಲಿ 100ರಿಂದ 200 ಮೀಟರ್ ನಡುವೆ ಮೀನುಗಾರರೂ ಸೇರಿದಂತೆ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ಮನೆಗಳಿಗೆ ಅವಕಾಶ ಬರೆದಿಟ್ಟಿದ್ದಾರೆ, ನಿಜ. ಆದರೆ ಹೊಳೆಬದಿಯ ಮೀನುಗಾರ ಮರಕಾಲ ಕುಟುಂಬ ಒಂದು ಕೋಣೆ ಹೆಚ್ಚು ಕೇಳಿದರೆ ಕಚೇರಿಯಿಂದ ಕಚೇರಿಗೆ ಅಲೆದೇ ಅದರ ಚಪ್ಪಲಿ ಸವೆಯುತ್ತದೆ. ಅವರಿಗೆ ಸಡಿಲಿಕೆ ಸಿಗಲಿ. ನಿಯಮದಲ್ಲೇ ಬರೆದು, ಎಲ್ಲರಿಗೂ ಒಂದೇ ಅಳತೆಯಲ್ಲಿ. ಅವರ ಕಷ್ಟವನ್ನು ಗುರಾಣಿ ಮಾಡಿಕೊಂಡು ವಾರಾಂತ್ಯದ ಮನೆಗೆ ಅನುಮತಿ ಕೇಳುವುದು ಮಾತ್ರ ಅಸಹ್ಯ. ಗ್ರಾಮಸಭೆಯಲ್ಲಿ ‘ಬಡ ಮೀನುಗಾರರ ಗತಿಯೇನು’ ಎಂದು ಗಂಟಲು ಹರಿದುಕೊಳ್ಳುವವರಲ್ಲಿ ಎಷ್ಟು ಜನ ಬಲೆ ಮುಟ್ಟಿದವರು?

ಇನ್ನೊಂದು ವಾದ, ‘ಗೋವಾ ನೋಡಿ, ಕೇರಳ ನೋಡಿ’. 2019ರ ನಿಯಮದಂತೆ, 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಪ್ರದೇಶದಲ್ಲಿ ಕಡಲಿನಿಂದ 50 ಮೀಟರ್ ಬಿಟ್ಟರೆ ಸಾಕು, ಉಳಿದೆಡೆ 200. ನಮ್ಮ ಬಹುಪಾಲು ಊರುಗಳು ಆ ಸಂಖ್ಯೆ ಮುಟ್ಟುವುದಿಲ್ಲ ಎಂಬ ಕೊರಗು ಇದೆ. ನನಗಂತೂ ಇದು ಕೊರಗುವ ವಿಷಯವಾಗಿ ಕಾಣುವುದಿಲ್ಲ. ಕೇರಳವನ್ನೇ ನೋಡುವುದಾದರೆ ಮರಡು ನೋಡೋಣ. ಕೊಚ್ಚಿಯ ಹಿನ್ನೀರಿನ ದಡದಲ್ಲಿ ಕರಾವಳಿ ವಲಯ ಪ್ರಾಧಿಕಾರವನ್ನು ಕೇಳದೆ ಅಲ್ಲಿನ ಪಂಚಾಯತು ವಸತಿ ಸಮುಚ್ಚಯಗಳಿಗೆ ಪರವಾನಗಿ ಕೊಟ್ಟಿತ್ತು. 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೆಡವಲು ಹೇಳಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ವಸತಿ ಸಮುಚ್ಚಯಗಳು ಸ್ಫೋಟಕಕ್ಕೆ ಕುಸಿದದ್ದನ್ನು ನಾವೆಲ್ಲ ಟಿವಿಯಲ್ಲಿ ಬಾಯಿ ಬಿಟ್ಟು ನೋಡಿದ್ದೇವೆ. ಫ್ಲ್ಯಾಟ್ ಮಾಲೀಕರಿಗೆ ತಲಾ 25 ಲಕ್ಷ ಮಧ್ಯಂತರ ಪರಿಹಾರವನ್ನೂ ಕೋರ್ಟೇ ಹೇಳಬೇಕಾಯಿತು. ‘ಪಂಚಾಯತಿನ ಪರವಾನಗಿ ಇದೆ’ ಎಂದು ಎದೆ ತಟ್ಟಿಕೊಳ್ಳುವ ಹೊಳೆಯಂಚಿನ ಹೊಸ ಮಾಲೀಕರು ಆ ವಿಡಿಯೊವನ್ನು ಇನ್ನೊಮ್ಮೆ ಹಾಕಿ ನೋಡುವುದು ಒಳ್ಳೆಯದು.

ಪಂಚಾಯತಿನ ಕೈಯಲ್ಲಿ ಈಗ ಹಿಂದಿಗಿಂತ ಹೆಚ್ಚು ಅಧಿಕಾರವಿದೆ. ಸ್ವಂತ ವಾಸದ ಮನೆ 300 ಚದರ ಮೀಟರ್ ಒಳಗಿದ್ದರೆ ರಾಜ್ಯದ ಪ್ರಾಧಿಕಾರದ ಶಿಫಾರಸು ಬೇಕಿಲ್ಲ, ಸ್ಥಳೀಯ ಸಂಸ್ಥೆಯೇ ನಿಯಮ ನೋಡಿ ಒಪ್ಪಿಗೆ ಕೊಡಬಹುದು. ಮೂರು ಸಾವಿರ ಚದರ ಅಡಿಗೂ ಮಿಕ್ಕಿದ ಮನೆ ಎಂದರೆ ಗುಡಿಸಲಲ್ಲ. ಅದು ವಲಯದ ಒಳಗಿದೆಯೋ ಹೊರಗಿದೆಯೋ, ಭರತದ ಗೆರೆ ಎಲ್ಲಿ ಹಾಯುತ್ತದೆ ಎಂದು ತೀರ್ಮಾನಿಸಬೇಕಾದವರು ನೂರು ಕೆಲಸಗಳ ನಡುವೆ ಒದ್ದಾಡುವ ಒಬ್ಬ ಪಿಡಿಒ. ಅವರ ಮೇಜಿನ ಮೇಲೆ ಅಧ್ಯಕ್ಷರ ಫೋನು, ಎದುರು ಕುರ್ಚಿಯಲ್ಲಿ ಕಂಟ್ರಾಕ್ಟರು. ಅಂಥವರಿಗೆ ಬೆನ್ನೆಲುಬಾಗಿ ನಿಲ್ಲಬಲ್ಲದ್ದು ಅಕ್ಕಪಕ್ಕದವರ ತಕರಾರು ಮಾತ್ರ.

ಆದ್ದರಿಂದ ತಕರಾರಿಗೆ ದಾರಿ ಮಾಡಿಕೊಡಿ. ಹೊಳೆಬದಿಯ ಯಾವ ಅರ್ಜಿ ಬಂದರೂ ವಲಯ ನಕ್ಷೆಯ ಮೇಲೆ ಮನೆಯ ಜಾಗ ಗುರುತಿಸಿ ಪಂಚಾಯತಿನ ಬೋರ್ಡಿಗೆ ಅಂಟಿಸಿ. ಆಚೆ ದಡದ ಪಂಚಾಯತಿಗೂ ಪ್ರತಿ ಹೋಗಲಿ, ಅಲ್ಲಿನವರಿಗೂ ಹೇಳಲು ಸಮಯವಿರಲಿ. ರಿಪೇರಿ ಎಂದವರು ಹಳೆಯ ಮನೆಯ ಅಳತೆ, ಫೋಟೊ ಮೊದಲು ಕೊಡಲಿ. ದಂಡೆ ಕಟ್ಟುವ ಯೋಚನೆಯಿದ್ದರೆ ಅದನ್ನು ಅರ್ಜಿಯಲ್ಲೇ ಹೇಳಲಿ, ಆಮೇಲೆ ಟಿಪ್ಪರಿನಲ್ಲಿ ಹೇಳುವುದು ಬೇಡ. ಕಟ್ಟುವವರಿಗೂ ಇದರಿಂದ ಭಾರಿ ನಷ್ಟವೇನಿಲ್ಲ. ಈ ತೋಟಗಳು ಸಾಮಾನ್ಯವಾಗಿ ಉದ್ದಕ್ಕೆ ಹಿಂದೆ ಹೋಗುತ್ತವೆ. ರಸ್ತೆಯ ಬದಿಗೆ ಸರಿದು ಕಟ್ಟಿದರೆ ಯಾರ ತಕರಾರೂ ಇರುವುದಿಲ್ಲ; ಹೊಳೆ ನೋಡಬೇಕೆಂದರೆ ಸಂಜೆ ತೆಂಗಿನ ಸಾಲಿನ ನಡುವೆ ಐವತ್ತು ಮೀಟರ್ ನಡೆದುಕೊಂಡು ಹೋಗಬೇಕು, ಅಷ್ಟೇ.